ತಿಮ್ಮವ್ವ ಮತ್ತು ಮರ್ಯಾದೆಯ ಉಗುಳು

ಪದವಿ ಮುಗಿಸಿ ರಾಯಚೂರಿನಲ್ಲಿ ನನಗೆ ಸಿಕ್ಕ ಕೆಲಸ ಕಫ ಹೊರುವುದು. ಕೊರಳಲ್ಲಿ ತೂಗುವ ಗುರುತಿನ ಚೀಟಿಯಲ್ಲಿ ಮಾತ್ರ ‘ಕ್ಷೇತ್ರ ಸಂಶೋಧನಾ ಸಹಾಯಕ’ ಎಂದಿದೆ. ಅದನ್ನು ನಾನು ಊಟಕ್ಕೆ ಕೂತಾಗಲೂ ತೆಗೆಯುತ್ತಿರಲಿಲ್ಲ.

ಕ್ಷಯರೋಗದ ಹೊಸ ಪರೀಕ್ಷೆಯನ್ನು ಒರೆಗೆ ಹಚ್ಚುವುದು ನಮ್ಮ ಯೋಜನೆ. ಬೆರಳುದ್ದದ ಕೊಳವೆಯೊಳಗೆ ಲೆಕ್ಕ ಹಾಕಿ ಹೆಣೆದ ಡಿಎನ್‌ಎ ಎಳೆಗಳಿರುತ್ತವೆ; ಕಫದಲ್ಲಿ ರೋಗಾಣುವಿನ ಎರಡು ಗುರುತುಗಳೂ ಸಿಕ್ಕರೆ ಮಾತ್ರ ಹಸಿರು ಬೆಳಕು. ದೇವದುರ್ಗ ತಾಲ್ಲೂಕಿನ ಜಾಲಹಳ್ಳಿಯ ಆಶಾ ಕಾರ್ಯಕರ್ತೆ ತಿಮ್ಮವ್ವನಿಗೆ ಇಪ್ಪತ್ತೆರಡು ಸ್ಲೈಡು ತೋರಿಸಿ ಇದನ್ನು ವಿವರಿಸಲು ಕೂತೆ.

“ಅಂದ್ರ ಹೆಣ್ಣಿನ ಕಡ್ಯಾರೂ ಗಂಡಿನ ಕಡ್ಯಾರೂ ಹೂಂ ಅಂದ್ರನ ಎಲಿ-ಅಡಿಕಿ. ಹೌದಿಲ್ಲೋ ಯಪ್ಪಾ?”

ಹೌದು. ಅವಳು ಹೇಳಿದ್ದು ಮೂರನೇ ಸ್ಲೈಡಿಗೆ. ಉಳಿದ ಹತ್ತೊಂಬತ್ತನ್ನು ನನ್ನ ಸಮಾಧಾನಕ್ಕೆ ತೋರಿಸಿದೆ.

ಹದಿನೆಂಟು ವರ್ಷದಿಂದ ಬಾಣಂತಿಯರು, ಪೋಲಿಯೊ ಹನಿ, ಗುಳಿಗೆಯನ್ನು ದಿಂಬಿನಡಿ ಬಚ್ಚಿಡುವ ಮುದುಕರು ಎಲ್ಲ ಅವಳ ಪಾಲು. ಕೆಮ್ಮುತ್ತಿರುವವರು ಯಾರೆಂದು ಗೋಡೆಯಾಚೆಯಿಂದಲೇ ಹೇಳುತ್ತಾಳೆ. ಅಂದು ಅವಳ ಚಿಂತೆ ತಮ್ಮ ಯಮನೂರಪ್ಪನದು. ಮಾನ್ವಿಯ ಅಕ್ಕಿ ಗಿರಣಿಯಲ್ಲಿ ಹಮಾಲಿ. ಎರಡು ತಿಂಗಳಿಂದ ಕೆಮ್ಮು, ಕೇಳಿದರೆ ಗಿರಣಿ ಧೂಳೆಂಬ ಹಟ. ಕೊಳವೆಯೂ ‘ಇಲ್ಲ’ ಎಂದರೆ ಊರಿಗೆ ಬಂದವನು ಸಂಜೆ ಬಸ್ಸಿಗೆ ಮತ್ತೆ ಗಿರಣಿಗೆ ಹೊರಟೇಬಿಡುತ್ತಾನೆ.

ಯಮನೂರಪ್ಪನೂ ಸೇರಿ ನಲವತ್ತು ಮಂದಿ ಡಬ್ಬಿಯಲ್ಲಿ ಕಫ ಕೊಟ್ಟರು. ಒಂದು ಕೊಳವೆಯೂ ಬೆಳಗಲಿಲ್ಲ. ಊರಲ್ಲಿ ಕ್ಷಯವೇ ಇಲ್ಲವೆಂದು ಕಚೇರಿಗೆ ಫೋನ್ ಮಾಡಿದೆ. ‘ಕ್ಷಯಮುಕ್ತ ಗ್ರಾಮ’ ಎಂದು ಫಲಕ ಬರೆಸೋಣ ಎಂದರು. ಯಮನೂರಪ್ಪ ಚೀಲ ಹೆಗಲಿಗೇರಿಸಿದ.

ತಿಮ್ಮವ್ವ ಅವನ ಡಬ್ಬಿಯನ್ನು ಬೆಳಕಿಗೆ ಹಿಡಿದಳು. “ಏನ್ ಕೊಟ್ಟೀಲೇ ಇದ್ರಾಗ? ನೀರಿನಂಗ ಅದ.”

“ಕಫ ನುಂಗಿ, ಬಾಯಿ ಮುಕ್ಕಳಿಸಿ, ಚೊಲೋ ಉಗುಳ ಕೊಟ್ಟೀನಿ ಅಕ್ಕಾ. ಸಾಹೇಬ್ರ ಕೈಯಾಗ ಹೊಲಸ ಹೆಂಗ ಇಡ್ಲಿ?”

ಉಳಿದ ಡಬ್ಬಿಗಳನ್ನೂ ಬೆಳಕಿಗೆ ಹಿಡಿದೆ. ನಲವತ್ತೂ ಮಂದಿ ಕೊಟ್ಟದ್ದು ಅದೇ: ಮರ್ಯಾದೆಯ ಉಗುಳು. ಸಾಹೇಬನೆಂದರೆ ನಾನು, ಆರು ತಿಂಗಳ ಗುತ್ತಿಗೆಯವನು.

“ಆ ಕೊರಳಾಗಿನ ಚೀಟಿ ತಗಿ ಯಪ್ಪಾ. ಅತ್ಲಾಗ ಹೋಗು,” ಎಂದು ತಿಮ್ಮವ್ವ ನನ್ನನ್ನು ಬೇವಿನ ಮರದ ಹಿಂದಕ್ಕೆ ಅಟ್ಟಿದಳು. ತಮ್ಮನತ್ತ ತಿರುಗಿದಳು. “ನಿನ್ನ ಮೂಗು ಒರಸಿ ಬೆಳೆಸಿದಾಕಿ ನಾ. ನನ್ನ ಮುಂದ ಏನ ನಾಚಿಕಿ? ಎದಿಯಿಂದ ಕೆಮ್ಮಲೇ!”

ಕೆಮ್ಮಿದ. ಅರ್ಧ ಗಂಟೆಗೆ ಕೊಳವೆ ಹಸಿರಾಯಿತು.

ಯಮನೂರಪ್ಪ ಚೀಲ ಇಳಿಸಿ ಅದರ ಮೇಲೇ ಕುಸಿದು ಕೂತ. ತಿಮ್ಮವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. “ಆರು ತಿಂಗಳ ಗುಳಿಗಿ. ಒಂದಿನ ತಪ್ಪಿಸಿ ನೋಡು, ಗೊತ್ತಾಗ್ತದ!” ಎಂದವಳೇ ಉಳಿದ ಮೂವತ್ತೊಂಬತ್ತು ಮನೆಗಳತ್ತ ನಡೆದಳು. ಚೀಟಿಯನ್ನು ಜೇಬಿಗೆ ತುರುಕಿ, ಡಬ್ಬಿಗಳನ್ನು ಹೊತ್ತು ನಾನು ಹಿಂದೆ.

ಅಷ್ಟರಲ್ಲಿ ಕಚೇರಿಯ ಫೋನು: ಫಲಕದ ಅಳತೆ ಎಷ್ಟಿರಲಿ?

“ಊರು ಈಗಷ್ಟ ಎದಿಯಿಂದ ಕೆಮ್ಮಾಕತ್ತದ ಸರ,” ಎಂದೆ. “ತಡೀರಿ.”