ಹದಿನಾಲ್ಕು ಕತ್ತಿಗಳ ಮಾವ

ಮಾವನ ಬಲಗೈ ಹೆಬ್ಬೆರಳಿನ ಉಗುರು ನಟ್ಟನಡುವೆ ಸೀಳಿತ್ತು. ಐವತ್ತು ವರ್ಷ ಮಡಚುವ ಕತ್ತಿಯ ಅಲಗನ್ನು ಅದೇ ಉಗುರಿನಿಂದ ಎಬ್ಬಿಸಿ ಎಬ್ಬಿಸಿ ಅದು ಎಮ್ಮೆಯ ಕೊಂಬಿನ ಹಾಗೆ ದಪ್ಪಗಾಗಿ, ಹಳದಿಯಾಗಿ, ಕೊನೆಗೆ ಎರಡು ಹೋಳಾಗಿತ್ತು. ಊಟಕ್ಕೆ ಕೂತರೆ ಅನ್ನದ ಅಗುಳು ಆ ಸೀಳಿನಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಅದನ್ನೂ ಅವನು ಕತ್ತಿಯ ತುದಿಯಿಂದಲೇ ಬಿಡಿಸುತ್ತಿದ್ದ.

ಅವನು ತೀರಿಕೊಂಡ ದಿನವೇ ಬಸ್ ಸ್ಟಾಪಿನಲ್ಲಿ ಒಂದು ಫ್ಲೆಕ್ಸ್ ಕಟ್ಟಿದರು. ತಮಿಳಿನಲ್ಲಿ ‘ಕಣ್ಣೀರ್ ಅಂಜಲಿ’ ಎಂದು ದೊಡ್ಡ ಅಕ್ಷರ, ನಡುವೆ ಮಾವನ ಫೋಟೊ, ಕೆಳಗೆ ‘ಯಾರ ಮನಸ್ಸನ್ನೂ ನೋಯಿಸದ ಶಾಂತ ಸ್ವಭಾವದ ಹಿರಿಯರು’ ಎಂಬ ಸಾಲು. ಅದಕ್ಕೂ ಕೆಳಗೆ, ಆ ಫ್ಲೆಕ್ಸ್ ಮಾಡಿಸಿದ ಟೀ ಫ್ಯಾಕ್ಟರಿಯ ಹೆಸರು. ಓದಿ ನನ್ನ ಮೈಯೆಲ್ಲ ಉರಿದುಹೋಯಿತು. ಮಾವ ಶಾಂತನೇ? ನಡುವಟ್ಟಂ ಕಡೆಯಿಂದ ಗೂಡಲೂರಿಗೆ ಇಳಿಯುವ ರಸ್ತೆಯಲ್ಲಿ ಅವನ ಬೈಗುಳ ತಿನ್ನದ ಡ್ರೈವರ್ ಇಲ್ಲ, ಕಂಡಕ್ಟರ್ ಇಲ್ಲ, ಎಲೆ ತೂಗುವವನೂ ಇಲ್ಲ. ಸತ್ತವನ ಬಾಯಿ ಕಟ್ಟುವುದಕ್ಕೆ ಇದಕ್ಕಿಂತ ಅಗ್ಗದ ದಾರಿ ಇಲ್ಲವೆಂದು ಅವರಿಗೆ ಗೊತ್ತಿತ್ತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಅಮ್ಮನ ತವರು ನಮ್ಮ ಪಕ್ಕದ ಹಟ್ಟಿ. ಮಾವ ಅವಳಿಗೆ ಅಣ್ಣನ ವರಸೆ. ನಮ್ಮ ಮನೆಯಲ್ಲಿ ಮಾವನಿಗೆ ಬಹುವಚನ ಹಚ್ಚಿದರೆ ಅವನನ್ನು ದೂರ ಕೂರಿಸಿದ ಹಾಗೆ, ಆದ್ದರಿಂದ ಇಲ್ಲಿಯೂ ಅವನು ಎಂದೇ ಬರೆಯುತ್ತೇನೆ. ಫ್ಯಾಕ್ಟರಿಯಲ್ಲಿ ಅವನು ಮೇಸ್ತ್ರಿ. ಲಾರಿಯಿಂದ ಎಲೆಯ ಚೀಲಗಳನ್ನು ಇಳಿಸಿ, ಬಾಯಿ ಬಿಚ್ಚಿಸಿ, ಕನ್ವೇಯರಿಗೆ ಸುರಿಸುವ ಆಳುಗಳ ಮೇಲ್ವಿಚಾರಣೆ ಅವನದು.

ಕತ್ತಿ ಎಂದರೆ ಯುದ್ಧದ ಕತ್ತಿಯಲ್ಲ. ಸೊಂಟದಲ್ಲೋ ಜೇಬಿನಲ್ಲೋ ಮಡಚಿ ಇಡುವ ಚಾಕುವಿಗೆ ನಮ್ಮ ಕಡೆ ಕತ್ತಿ ಎಂದೇ ಹೆಸರು. ಮಾವನ ಹತ್ತಿರ ಅಂಥವು ಹದಿನಾಲ್ಕಿದ್ದವು. ಗೂಡಲೂರು ಸಂತೆಯ ಮಲಯಾಳಿ ಅಜ್ಜನೊಬ್ಬನಿಗೆ ಕೊಡೆ ಕೊಟ್ಟು ಪಡೆದ ಪಿಚ್ಚಾತ್ತಿ, ಮೋಯಾರಿನ ದನಗಾಹಿಯಿಂದ ಬಂದ, ಗೊರಸಿನ ಮುಳ್ಳು ತೆಗೆಯುವ ಅಗಲ ಅಲಗಿನದು, ಬಿಳಿಯರ ಬಂಗಲೆಯ ಬಟ್ಲರ್ ಬಿಟ್ಟುಹೋದ ಮೂರು ಅಲಗಿನದು. ಎಲ್ಲಕ್ಕೂ ಮೇಲೆ, ನಮ್ಮ ಬೆಟ್ಟದ ಕಮ್ಮಾರರಾದ ಕೋತರ ಕುಲುಮೆಯಲ್ಲಿ ಅವನ ಅಜ್ಜನಿಗೆಂದು ಬಡಿದುಕೊಟ್ಟ, ಎಮ್ಮೆ ಕೊಂಬಿನ ಹಿಡಿಯ ಕತ್ತಿ. ಅದಕ್ಕೆ ಸ್ಪ್ರಿಂಗ್ ಇಲ್ಲ, ಹಿತ್ತಾಳೆಯ ಒಂದು ಮೊಳೆ ಅಷ್ಟೆ. ಆ ಕೋತರ ಕತ್ತಿ ದಿನವೂ ಅವನ ಸೊಂಟದಲ್ಲಿ. ಉಳಿದವು ಸರದಿಯ ಮೇಲೆ ದಿನಕ್ಕೊಂದರಂತೆ ಕೋಟಿನ ಜೇಬಿನಲ್ಲಿ. “ಮೈ ಬಿಸಿ ತಗಲದೆ ಹೋದರೆ ಕಬ್ಬಿಣ ಮುನಿಸಿಕೊಳ್ಳುತ್ತೆ” ಎನ್ನುತ್ತಿದ್ದ. ಭಾನುವಾರ ಎಲ್ಲವನ್ನೂ ಗೋಣಿಯ ಮೇಲೆ ಹರಡಿ, ಹರಳೆಣ್ಣೆ ಒರೆಸಿ, ಬೇರಿಕಾಯಿ ಸಿಪ್ಪೆಯನ್ನು ಎಲ್ಲೂ ಹರಿಯದ ಹಾಗೆ ಒಂದೇ ಎಳೆಯಾಗಿ ತೆಗೆದು ನಮಗೆ ಹೋಳು ಕೊಡುತ್ತಿದ್ದ. ದಿನಾ ಎರಡೆರಡು ಯಾಕೆ ಹೊರುತ್ತೀ ಎಂದು ಅಮ್ಮ ಕೇಳಿದರೆ ಒಂದೇ ಉತ್ತರ: “ಬೇಡದ ದಿನವೂ ಇದ್ದರೆ ತಾನೆ ಬೇಕಾದ ದಿನ ಇಪ್ಪದು.”

ಅವನ ಕೋಪಕ್ಕೂ ಒಂದು ಕ್ರಮವಿತ್ತು. ಸಿಟ್ಟು ಬಂತೆಂದರೆ ಮೊದಲು ಮೈಮೇಲಿರುವ ಕತ್ತಿಗಳನ್ನು ತೆಗೆದು, ಮಡಚಿದ್ದನ್ನು ಮಡಚಿದ ಹಾಗೇ ಹತ್ತಿರದ ಕಲ್ಲಿನ ಮೇಲೆ ಇಡುತ್ತಿದ್ದ. ಬೈಗುಳ ಆಮೇಲೆ. “ಬಾಯಿ ಬಿಚ್ಚುವಾಗ ಕತ್ತಿ ಸೊಂಟದಲ್ಲಿ ಇರಕೂಡದು” ಎಂಬುದು ಅವನ ಅಜ್ಜನ ಮಾತಂತೆ. ಮಾವ ಕತ್ತಿ ಕೆಳಗಿಟ್ಟ ಎಂದರೆ ಹಟ್ಟಿಯ ಹುಡುಗರೆಲ್ಲ ದಿಕ್ಕಾಪಾಲು. ಇನ್ನೊಂದು ಪದ್ಧತಿ ಅವನೊಬ್ಬನದಲ್ಲ, ನಮ್ಮೆಲ್ಲರದು. ಕತ್ತಿಯನ್ನು ಕೈಯಿಂದ ಕೈಗೆ ಕೊಡಬಾರದು, ಕೊಟ್ಟರೆ ಕೊಟ್ಟವರಿಗೂ ಪಡೆದವರಿಗೂ ಜಗಳ ಬರುತ್ತದೆ. ಕೊಡುವವರು ಕೆಳಗಿಡಬೇಕು, ಬೇಕಾದವರು ಎತ್ತಿಕೊಳ್ಳಬೇಕು.

ನಾನು ಆರನೇ ಕ್ಲಾಸಿನಲ್ಲಿದ್ದಾಗ ಶಾಲೆಗೆ ಹೋಗುವ ಜೀಪಿನಿಂದ ಇಳಿದೆ, ನನ್ನ ಮಫ್ಲರಿನ ತುದಿ ಬಾಗಿಲಿನಲ್ಲಿ ಸಿಕ್ಕಿಕೊಂಡಿತು, ಜೀಪು ಹೊರಟಿತು. ನಾಲ್ಕು ಹೆಜ್ಜೆ ಅದರ ಜೊತೆ ಓಡಿದೆ. ಐದನೆಯ ಹೆಜ್ಜೆಗೆ ಕುತ್ತಿಗೆ ಬಿಗಿಯಿತು. ಟೀ ಅಂಗಡಿಯಿಂದ ಮಾವ ಹಾರಿ ಬಂದದ್ದು ನನಗೆ ಕಾಣಲೇ ಇಲ್ಲ. ರಸ್ತೆಯಲ್ಲಿ ಕೂತು ಕೆಮ್ಮುತ್ತಿದ್ದಾಗ ಕೈಯಲ್ಲಿ ಅರ್ಧ ಮಫ್ಲರ್ ಇತ್ತು. ಹೊಸದನ್ನು ಕತ್ತರಿಸಿಬಿಟ್ಟೆಯಲ್ಲ ಎಂದು ನಾನೇ ಅವನ ಮೇಲೆ ರೇಗಾಡಿದೆ. ಅವನು ಕತ್ತಿ ಕಲ್ಲಿನ ಮೇಲಿಟ್ಟು, ಜೀಪಿನವನ ಮೂರು ತಲೆಮಾರನ್ನು ಬೈದ.

ಇಂಥ ಮನುಷ್ಯನ ಸೊಂಟದಿಂದ ಕತ್ತಿ ತೆಗೆಸಿದವಳು ನಾನು.

ಊಟಿಯಲ್ಲಿ ಡಿಗ್ರಿ ಮುಗಿಸಿ ಅದೇ ಫ್ಯಾಕ್ಟರಿಗೆ ಕ್ವಾಲಿಟಿ ಸೂಪರ್‌ವೈಸರ್ ಆಗಿ ಸೇರಿದ್ದೆ. ಬಿಳಿ ಕೋಟು, ತಲೆಗೆ ಬಲೆ ಟೋಪಿ, ಕೈಯಲ್ಲಿ ತಪಾಸಣೆಯ ಪಟ್ಟಿ. ಹೊರದೇಶದ ಗಿರಾಕಿಗಳ ಕಡೆಯಿಂದ ಆಡಿಟ್‌ನವರು ಬಂದು, ಯಂತ್ರದ ಹಾಲಿನೊಳಗೆ ಯಾರ ಮೈಮೇಲೂ ಲೋಹ ಇರಕೂಡದು, ಟೀಪುಡಿಗೆ ಬಿದ್ದರೆ ಸರಕು ವಾಪಸ್ಸು ಎಂದು ಬರೆದುಹೋದರು. ತಪ್ಪು ನಿಯಮವೇನಲ್ಲ. ಆದರೆ ಅದೇ ಪಟ್ಟಿಯಲ್ಲಿ, ಅವಘಡವಾದರೆ ಎಳೆದು ಕನ್ವೇಯರ್ ನಿಲ್ಲಿಸುವ ಹಗ್ಗ ಸರಿ ಇರಬೇಕು ಎಂದೂ ಇತ್ತು. ಆ ಹಗ್ಗ ತುಂಡಾಗಿ ವಾರಗಳು ಕಳೆದಿದ್ದವು. ಮ್ಯಾನೇಜರ್ ಹಗ್ಗದ ಸಾಲಿಗೆ ಸುಮ್ಮನೆ ಟಿಕ್ ಹಾಕಿಸಿದರು, ಲೋಹದ ಸಾಲಿಗೆ ನನ್ನನ್ನು ಅಟ್ಟಿದರು. ಬಡವರ ಮೈ ತಡಕುವುದಕ್ಕೆ ಖರ್ಚಿಲ್ಲವಲ್ಲ.

ಒಂದು ಸೋಮವಾರ ಎಲ್ಲರ ಬಳೆ, ಪಿನ್ನು, ಓಲೆ ಬಿಚ್ಚಿಸಿದೆ. ಚೀಲ ಸುರಿಯುವ ಅಕ್ಕ, ಅವಳು ಪಕ್ಕದ ಕೂಲಿಗಳ ಲೈನ್ ಮನೆಯ ತಮಿಳಿನವಳು, ಚಿನ್ನದ ನೀರು ಕುಡಿಸಿದ ತನ್ನ ಎರಡು ಕವರಿಂಗ್ ಬಳೆಗಳನ್ನು ಸೋಪು ಹಚ್ಚಿ ತೆಗೆದುಕೊಟ್ಟಳು. ಮಾವ ಮಾತ್ರ ಕೋಟನ್ನು ಜೇಬಿನ ಕತ್ತಿಯ ಸಮೇತ ಹೊರಗೇ ಕಳಚಿಟ್ಟು, ಸೊಂಟದ್ದನ್ನು ತೆಗೆಯದೆ ನನ್ನ ಗಾಜಿನ ಕೋಣೆಯ ಬಾಗಿಲಲ್ಲಿ ನಿಂತ.

“ಕೂಸೆ, ಇದು ಕೆಲಸದ ಕತ್ತಿ.”

“ಇಲ್ಲಿ ನಾನು ಕೂಸಲ್ಲ ಮಾವ, ಸೂಪರ್‌ವೈಸರ್. ಚೀಲದ ಗಂಟನ್ನು ಕೈಯಲ್ಲೇ ಬಿಚ್ಚಿಸು.”

“ಗಂಟಿಗೆ ಅಲ್ಲ ಇದು ಇಪ್ಪದು.”

“ಮತ್ತೆ ಎಂತಕ್ಕೆ?”

ಅವನು ನನ್ನ ಕುತ್ತಿಗೆಯ ಕಡೆ ಒಂದು ಸಲ ನೋಡಿದ. ನಾನು ಕೈ ಚಾಚಿದೆ. ಅವನು ಕೈಗೆ ಕೊಡಲಿಲ್ಲ; ಕೋತರ ಕತ್ತಿಯನ್ನು ಮೇಜಿನ ಮೇಲೆ ಇಟ್ಟ. ಎತ್ತಿ ಡ್ರಾಯರಿಗೆ ಹಾಕಿದೆ, ಅಕ್ಕನ ಬಳೆಗಳ ಪಕ್ಕಕ್ಕೆ. ಜಾಣೆಯಂತೆ ಬೀಗ ಬೇರೆ ಹಾಕಿದೆ.

ಒಂಬತ್ತನೆಯ ದಿನ, ಮಧ್ಯಾಹ್ನದ ಟೀ ಬೆಲ್ ಹೊಡೆಯುವ ಮುಂಚೆ, ಅಕ್ಕ ಸುರಿಯುತ್ತಿದ್ದ ನೈಲಾನ್ ಚೀಲದ ಹಗ್ಗ ಅವಳ ಎಡಗೈಗೆ ಸುತ್ತಿಕೊಂಡಿತು. ಇನ್ನೊಂದು ತುದಿ ಕನ್ವೇಯರಿನ ಉರುಳೆಗೆ ಸಿಕ್ಕಿತು. ಉರುಳೆ ಹಗ್ಗ ಸುತ್ತುತ್ತಾ ಅವಳನ್ನು ಎಳೆಯತೊಡಗಿತು. ಎಳೆದು ನಿಲ್ಲಿಸುವ ಹಗ್ಗವಿಲ್ಲ. ಮೈನ್ ಸ್ವಿಚ್ಚು ಹಾಲಿನ ಆ ತುದಿಯಲ್ಲಿ. ಮಾವ ಹತ್ತು ಹೆಜ್ಜೆ ದೂರದಲ್ಲಿದ್ದ. ಬಂದವನೇ ಎಡಗೈಯಲ್ಲಿ ಹಗ್ಗ ಹಿಡಿದ, ಬಲಗೈ ಸೊಂಟಕ್ಕೆ ಹೋಯಿತು. ಅಲ್ಲಿ ಏನೂ ಇರಲಿಲ್ಲ. ಆ ಕೈ ಬರಿದಾಗಿ ಹೊರಬಂದಾಗ ಅವನು ತಲೆಯೆತ್ತಿ ಗಾಜಿನಾಚೆ ಇದ್ದ ನನ್ನನ್ನು ನೋಡಿದ. ಒಂದೇ ಸಲ. ಆಮೇಲೆ ಹಗ್ಗಕ್ಕೆ ಹಲ್ಲು ಹಾಕಿದ. ನಾನು ಡ್ರಾಯರಿನ ಬೀಗದ ಕೈ ಹುಡುಕುತ್ತಿದ್ದೆ. ಯಾರೋ ಓಡಿ ಸ್ವಿಚ್ ಆರಿಸುವ ಹೊತ್ತಿಗೆ ಮಾವನ ಮುಂದಿನ ಎರಡು ಹಲ್ಲು ಹೋಗಿದ್ದವು. ಅಕ್ಕನ ಮೂರು ಬೆರಳು ಹೋಗಿದ್ದವು.

ಒಂದೇ ಒಂದು ಕೊಯ್ತ ಸಾಕಿತ್ತು. ಈಗಲೂ ಅಡುಗೆಮನೆಯಲ್ಲಿ ಹುರುಳಿಕಾಯಿ ಹೆಚ್ಚುವಾಗ ನನಗೆ ಈ ಲೆಕ್ಕ ಬರುತ್ತದೆ.

ಸಂಜೆ ಮ್ಯಾನೇಜರ್ ಕರೆದರು. “ನೋಡಮ್ಮ, ಬಳೆ ಸಿಕ್ಕಿಕೊಂಡು ಆಯಿತು, ಅವಳದೇ ಅಜಾಗ್ರತೆ ಅಂತ ರಿಪೋರ್ಟ್ ಬರಿ. ಯಾರಿಗೂ ತೊಂದರೆ ಇಲ್ಲ.” ಯಾರಿಗೂ ಎಂದರೆ ಯಾರಿಗೆ? ಆ ಬಳೆಗಳು ನನ್ನ ಡ್ರಾಯರಿನಲ್ಲಿದ್ದವು, ಅದರ ಬೀಗದ ಕೈ ನನ್ನ ಕೋಟಿನಲ್ಲಿತ್ತು. ಆದರೂ ಬರೆದೆ. ಅದನ್ನು ನೆನೆದರೆ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ರಿಪೋರ್ಟಿನ ಸುದ್ದಿ ಹಟ್ಟಿಗೆ ಮುಟ್ಟದೆ ಇರುತ್ತದೆಯೇ? ಮರುದಿನ ಬೆಳಿಗ್ಗೆ ಮಾವ ಗೋಣಿಯ ಗಂಟು ಹಿಡಿದು ಮ್ಯಾನೇಜರ್ ಕೋಣೆಗೆ ನುಗ್ಗಿದ. ನಾನೂ ಅಲ್ಲೇ ಇದ್ದೆ. ಗಂಟು ಬಿಚ್ಚಿ ಒಂದೊಂದೇ ಕತ್ತಿಯನ್ನು ಮೇಜಿನ ಮೇಲಿಟ್ಟ. ಪಿಚ್ಚಾತ್ತಿ, ಮೋಯಾರಿನದು, ಬಟ್ಲರನದು... ಹದಿಮೂರು. ಎಲ್ಲವೂ ಮಡಚಿದ್ದವು. ಮ್ಯಾನೇಜರ್ ಬಿಳಿಚಿಕೊಂಡು ಕುರ್ಚಿ ಹಿಂದಕ್ಕೆ ಸರಿಸಿದರು. ನಮ್ಮ ಹಟ್ಟಿಯ ಮೂರು ವರ್ಷದ ಮಗುವಿಗೂ ಅದರ ಅರ್ಥ ಗೊತ್ತಾಗುತ್ತಿತ್ತು. ಅವನ ಜೀವಮಾನದ ಅತಿ ದೊಡ್ಡ ಸಿಟ್ಟು ಬಂದಿತ್ತು, ಅದಕ್ಕೆ ತನ್ನಲ್ಲಿರುವುದನ್ನೆಲ್ಲ ಕೆಳಗಿಟ್ಟು ಬರಿಗೈಯಾಗಿದ್ದ. ಬಳಿಕ ಬಾಯಿ ಬಿಚ್ಚಿದ. ಹಲ್ಲಿಲ್ಲದ ಬಾಯಿಂದ ಗಾಳಿ ಸೋರುತ್ತಿತ್ತು.

“ಬಳೆಯಾ? ಯಾವ ಬಳೆ? ಆ ಹಗ್ಗ ಕಟ್ಟಿಸು ಅಂತ ಎಷ್ಟು ಸಲ ಬಂದು ಹೇಳಿದೆ ನಿನಗೆ? ಬೆರಳೂ ತಿಂದು, ಬಾಯಿಗೆ ಸುಳ್ಳೂ ತುರುಕಿದೆಯಲ್ಲೋ ಪಾಪಿ!”

ಮ್ಯಾನೇಜರ್ ಪೊಲೀಸರಿಗೆ ಫೋನ್ ಮಾಡಿದರು. ಕತ್ತಿ ಹಿಡಿದು ಕೊಲೆ ಬೆದರಿಕೆ ಎಂದು ದೂರು. ಬಂದವರು ನನ್ನನ್ನು ಕೇಳಿದರು, “ನೀವು ನೋಡಿದಿರಾ?” ಅವನು ಕತ್ತಿ ಹಿಡಿಯಲಿಲ್ಲ, ಇಟ್ಟ ಎಂದು ಹೇಳುವುದಕ್ಕೆ ಎಷ್ಟು ಉಸಿರು ಬೇಕಿತ್ತು? “ನಾನು ಸರಿಯಾಗಿ ನೋಡಲಿಲ್ಲ” ಎಂದೆ.

ಹಟ್ಟಿಯ ಹಿರಿಯರು ಹೋಗಿ ಅವನನ್ನು ಸಂಜೆಗೆ ಬಿಡಿಸಿಕೊಂಡು ಬಂದರು. ಹದಿಮೂರು ಕತ್ತಿ ಸ್ಟೇಷನ್ನಿನಲ್ಲೇ ಉಳಿದವು. ಕೆಲಸವೂ ಹೋಯಿತು. ಕೋತರ ಕತ್ತಿಯನ್ನು ನಾನು ಬ್ಯಾಗಿನಲ್ಲಿಟ್ಟು ಮನೆಗೆ ತಂದಿದ್ದೆ. ಮಾವ ನಮ್ಮ ಬಾಗಿಲಿಗೆ ಬಂದು ನಿಂತ. ಅಮ್ಮ ಕೂರು ಎಂದರೂ ಕೂರಲಿಲ್ಲ.

“ನನ್ನದು ಕೊಡು.”

ಜಗಲಿಯ ಮೇಲೆ ಇಡಲು ಹೋದೆ.

“ಕೆಳಗೆ ಇಡಬೇಡ. ಕೈಗೇ ಕೊಡು.”

ಅಮ್ಮ ಹೌಹಾರಿದಳು. “ಅಣ್ಣಾ, ಬೇಡ. ಜಗಳ ಬರುತ್ತೆ.”

“ಬರಲಿ” ಎಂದ. ನನ್ನ ಕೈಯಿಂದಲೇ ತೆಗೆದುಕೊಂಡು ಹೋದ.

ನಮ್ಮಲ್ಲಿ ಹಿರಿಯರ ಮುಂದೆ ತಲೆ ಬಾಗಿಸಿದರೆ ಅವರು ತಲೆಯ ಮೇಲೆ ಕೈಯಿಟ್ಟು ‘ಬದುಕು’ ಎಂದು ಹರಸುತ್ತಾರೆ. ಆ ದಿನದಿಂದ ಮಾವ ನನಗೆ ಆ ಮಾತು ಹೇಳುವುದನ್ನು ನಿಲ್ಲಿಸಿದ. ಮದುವೆ ಮನೆಯಲ್ಲಿ, ಸಾವಿನ ಮನೆಯಲ್ಲಿ, ಬಸ್ ಸ್ಟಾಪಿನಲ್ಲಿ ನಾನು ತಲೆ ಬಾಗಿಸಿದರೆ ಕೈಯಿಡುತ್ತಿದ್ದ. ಆದರೆ ‘ಬದುಕು’ ಎನ್ನುವ ಜಾಗದಲ್ಲಿ “ಬರೆದೆಯಾ?” ಎನ್ನುತ್ತಿದ್ದ. ನಿಜವಾದದ್ದನ್ನು ಬರೆದೆಯಾ ಎಂದು ಅರ್ಥ. ಸುತ್ತ ಇದ್ದವರಿಗೆ ಅದೊಂದು ತಮಾಷೆ. ನಾನು ಹಲ್ಲು ಕಚ್ಚಿಕೊಂಡು ದಾರಿ ಬದಲಿಸತೊಡಗಿದೆ. ಅವನು ಅಡ್ಡದಾರಿ ಹಿಡಿದು ಎದುರು ಬಂದು ನಿಲ್ಲುತ್ತಿದ್ದ. ಒಮ್ಮೆ ರೇಗಿ ಹೋಗಿ, “ನಿನಗೇನು ಬೇರೆ ಕೆಲಸ ಇಲ್ಲವಾ?” ಎಂದು ಕೂಗಿದೆ. “ಇಲ್ಲೆ. ನೀನೇ ತಾನೆ ತೆಗೆಸಿದ್ದು” ಎಂದ.

ಎಂಟು ತಿಂಗಳು ಹೀಗೆ ನಡೆಯಿತು. ಆಮೇಲೆ ಒಂದು ದಿನ ಅಕ್ಕನನ್ನು ಸಂತೆಯಲ್ಲಿ ಕಂಡೆ. ಎಡಗೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡಿದ್ದಳು. ಬೈಯುತ್ತಾಳೆಂದು ಕಾದೆ. “ಮೇಡಂ, ಆ ಬಳೆ ನಿಮ್ಮ ಹತ್ತಿರವೇ ಇದ್ದರೆ ಕೊಡ್ತೀರಾ? ನನ್ನ ಮಗಳಿಗಾದರೂ ಆಗ್ತದೆ” ಎಂದಳು, ಅಷ್ಟೆ.

ಅವತ್ತೇ ಬರೆದೆ. ಬಳೆ ನನ್ನ ಡ್ರಾಯರಿನಲ್ಲಿತ್ತು, ಕತ್ತಿಯೂ ಅಲ್ಲೇ ಇತ್ತು, ಎಳೆಯುವ ಹಗ್ಗ ತುಂಡಾಗಿತ್ತು, ಮೇಸ್ತ್ರಿ ಯಾರನ್ನೂ ಬೆದರಿಸಲಿಲ್ಲ, ನಾನು ಸುಳ್ಳು ಹೇಳಿದೆ. ಫ್ಯಾಕ್ಟರಿಗಳನ್ನು ತಪಾಸಣೆ ಮಾಡುವ ಅಧಿಕಾರಿಗೊಂದು, ಸ್ಟೇಷನ್ನಿಗೊಂದು ಪ್ರತಿ ನಾನೇ ಕೊಂಡುಹೋಗಿ ಕೊಟ್ಟು, ಅಕ್ಕನ ಬಳೆಗಳನ್ನು ಅವಳಿಗೆ ಮುಟ್ಟಿಸಿ, ಕೆಲಸ ಬಿಟ್ಟೆ. ವಿಚಾರಣೆ ನಡೆದು ಅಕ್ಕನಿಗೆ ಸಿಗಬೇಕಾದ್ದು ಸಿಕ್ಕಿತು. ಮಾವನ ಕೇಸು ಬಿದ್ದುಹೋಯಿತು. ಆದರೆ ಹದಿಮೂರು ಕತ್ತಿಗಳು ಎಲ್ಲೋ ಮೂಟೆಯಲ್ಲಿವೆ, ಹುಡುಕಬೇಕು ಎನ್ನುತ್ತಲೇ ಬಂದರು, ಇವತ್ತಿನವರೆಗೂ. ಮೈ ಬಿಸಿ ತಗಲದೆ ತುಕ್ಕು ಹಿಡಿದಿರುತ್ತವೆ.

ಬರೆದ ದಿನ ಮಾವನ ಮನೆಗೆ ಓಡಿ, ತಲೆ ಬಾಗಿಸಿ, ಅವನು ಕೇಳುವ ಮೊದಲೇ “ಬರೆದೆ” ಎಂದೆ. ಅವನು ಬಹಳ ಹೊತ್ತು ನನ್ನ ತಲೆಯ ಮೇಲೆ ಕೈ ಇಟ್ಟಿದ್ದ. ಸೀಳಿದ ಉಗುರಿಗೆ ನನ್ನ ಕೂದಲು ಸಿಕ್ಕಿಕೊಂಡಿತ್ತು. ಬಿಡಿಸಿಕೊಂಡು, “ಎಂಟು ತಿಂಗಳು ಬೇಕಾಯಿತಾ ನಾಲ್ಕು ಸಾಲಿಗೆ?” ಎಂದು ಕೋತರ ಕತ್ತಿಯನ್ನು ಕಿಟಕಿಯ ಮೇಲಿಟ್ಟು ಅರ್ಧ ಗಂಟೆ ಬೈದ. ನನ್ನ ಜೀವನದಲ್ಲಿ ಅಷ್ಟು ಸುಖ ಕೊಟ್ಟ ಬೈಗುಳ ಇನ್ನೊಂದಿಲ್ಲ.

ಹೋದ ಮಳೆಗಾಲದಲ್ಲಿ ಅವನು ಹೋದ. ಹಟ್ಟಿಯ ಅಂಗಳದಲ್ಲಿ ಮಂಚದ ಮೇಲೆ ಮಲಗಿಸಿದ್ದರು. ಬದುಕಿದ್ದಾಗ ಬಳಸಿದ ಒಂದೆರಡು ವಸ್ತುಗಳನ್ನು ಜೊತೆಗಿಟ್ಟು ಮಣ್ಣು ಮಾಡುವುದು ಅವರ ಮನೆಯ ಪದ್ಧತಿ. ಕೋಲು ಇಟ್ಟರು, ಕಂಬಳಿ ಇಟ್ಟರು. ಕತ್ತಿ ಎಲ್ಲಿ ಎಂದರೆ ಅವನ ಅಳಿಯ ದನಿ ತಗ್ಗಿಸಿ, “ಬೇಡ, ಫ್ಯಾಕ್ಟರಿಯವರೂ ಹಾರ ತಂದಿದ್ದಾರೆ. ಹಳೇ ಕೇಸಿನ ಮಾತು ಈಗ ಯಾಕೆ?” ಎಂದ. ಹಾರ ತಂದ ಮ್ಯಾನೇಜರ್ ಕೈ ಮುಗಿದು ನಿಂತಿದ್ದರು, ಫ್ಲೆಕ್ಸಿನಲ್ಲಿ ಬರೆಸಿದ ಶಾಂತಿಯನ್ನೆಲ್ಲ ತಾವೇ ಮುಖಕ್ಕೆ ಬಳಿದುಕೊಂಡ ಹಾಗೆ.

ಒಳಗೆ ಹೋದೆ. ಕತ್ತಿ ಅದೇ ಕಿಟಕಿಯ ಮೇಲೆ ಇತ್ತು. ಹೊರಗೆ ತಂದು, ಎಲ್ಲರೂ ನೋಡುತ್ತಿದ್ದಂತೆ, ಮಾವನ ತಣ್ಣಗಾದ ಬಲಗೈಯ ಬೆರಳುಗಳನ್ನು ಬಿಡಿಸಿದೆ. ಅಮ್ಮ ಅಳು ನಿಲ್ಲಿಸಿ ನನ್ನ ಮೊಣಕೈ ಹಿಡಿದಳು.

“ಕೈಗೆ ಕೊಡಬೇಡ ಕೂಸೆ. ಪಕ್ಕದಲ್ಲಿ ಇಡು. ಜಗಳ ಉಳಿದುಬಿಡುತ್ತೆ.”

“ಉಳಿಯಲಿ” ಎಂದೆ. ಅವನ ಕೈಗೇ ಕೊಟ್ಟು, ಬೆರಳು ಮಡಚಿದೆ.