ಬೆನ್ನು ಹಾಕಿ ನಿಂತ ಹುಡುಗಿ

ನನ್ನ ಹೆಂಡತಿ ಕಾಮಿಕ್ಸ್ ಬಿಡಿಸುತ್ತಾಳೆ. ಸಮುದ್ರದಡಿ ಮುಳುಗಿಹೋದ ಒಂದು ರಾಜ್ಯ, ಕಳೆದುಹೋದ ದೀಪವನ್ನು ಹುಡುಕುತ್ತಾ ಅಲೆಯುವ ರಾಣಿ, ಮಾತನಾಡುವ ಹಾವು, ಬಾಯಿ ಬಿಟ್ಟರೆ ಸುಳ್ಳು ಹೇಳುವ ಮಂತ್ರಿ. ಇಂಥವರೆಲ್ಲ ಇರುವ ಆರು ಪುಸ್ತಕಗಳ ಮಾಲೆ ಅದು. ಮಂಗಳೂರಿನ ಒಬ್ಬ ಸಣ್ಣ ಪ್ರಕಾಶಕರು ಒಂದೊಂದಾಗಿ ಹೊರತಂದರು. ನಾನು ಶಿರಿಯದ ಮನೆಯಿಂದ ದಿನವೂ ಬಸ್ಸು ಹಿಡಿದು ಕಾಸರಗೋಡಿಗೆ ಹೋಗಿ ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವನು. ನೆಟ್ಟಗೆ ಒಂದು ಗೆರೆ ಎಳೆಯಲು ಬಾರದ ಮನುಷ್ಯ. ಆದರೂ ಮೊದಲ ಐದು ಪುಸ್ತಕಗಳ ಕೊನೆಯ ಎರಡೆರಡು ಪುಟ ನನ್ನದಾಗಿತ್ತು. ಅದಕ್ಕೆ 'ಚಿತ್ರದೊಳಗಿನ ಗುಟ್ಟು' ಎಂದು ತಲೆಬರಹ ಕೊಟ್ಟವನೂ ನಾನೇ.

ಅವಳಿಗೆ ಚಿತ್ರಗಳಲ್ಲಿ ಏನನ್ನಾದರೂ ಅಡಗಿಸಿಡುವ ಚಟ. ಕಡಲೊಳಗಿನ ಕೋಟೆಯ ಬಾಗಿಲು ನೋಡಿದರೆ ಕಾಸರಗೋಡು ಸ್ಟೇಷನ್ನಿನ ಮೇಲ್ಸೇತುವೆಯ ಮೆಟ್ಟಿಲು. ಹಾವಿನ ಮೈಮೇಲೆ ನಮ್ಮ ಮಾಡಿನ ಹಂಚು. ಮಂತ್ರಿಯ ಕಿರೀಟ ನನ್ನ ಅಮ್ಮ ಇಡ್ಲಿ ಬೇಯಿಸುವ ಅಟ್ಟಿನಳಗೆಯ ಮುಚ್ಚಳ. ಅಮ್ಮ ಕನ್ನಡಕ ಹಾಕಿಕೊಂಡು ಅದನ್ನು ನೋಡಿ, "ನಾನು ದಿನಾ ತಿಕ್ಕುವುದು, ಇವ ತಲೆಗೆ ಇಟ್ಕೊಂಡು ತಿರುಗುವುದಾ" ಎಂದಿದ್ದರು. ಇವನ್ನೆಲ್ಲ ನಾನು ಪತ್ತೆ ಹಚ್ಚಿ, ಅರ್ಥ ಹಚ್ಚಿ, ಕೊನೆಯ ಎರಡು ಪುಟಗಳಲ್ಲಿ ಮೇಷ್ಟ್ರ ಗತ್ತಿನಲ್ಲಿ ಬರೆಯುತ್ತಿದ್ದೆ. ಓದುವ ಮಕ್ಕಳದ್ದೊಂದು ವಾಟ್ಸಾಪ್ ಗುಂಪೇ ಇತ್ತು. ಅಲ್ಲಿ ನನ್ನ ಮಾತೇ ಕಡೆಯ ಮಾತು.

ಎರಡನೆಯ ಪುಸ್ತಕದಿಂದ ಒಬ್ಬಳು ಹುಡುಗಿ ಕಾಣಿಸತೊಡಗಿದಳು. ಪುಸ್ತಕಕ್ಕೆ ಒಂದೇ ಸಲ, ಯಾವುದೋ ಚಿತ್ರದ ಮೂಲೆಯಲ್ಲಿ, ಬೆನ್ನು ಹಾಕಿ ನಿಂತಿರುತ್ತಿದ್ದಳು. ಮಾತಿಲ್ಲ, ಹೆಸರಿಲ್ಲ. ಪುಸ್ತಕದಿಂದ ಪುಸ್ತಕಕ್ಕೆ ಸ್ವಲ್ಪ ಎತ್ತರವಾಗುತ್ತಿದ್ದಳು, ಅಷ್ಟೆ. ಅವಳು ಯಾರು ಎಂದು ಮಕ್ಕಳು ಕೇಳಿದರು. ಅವಳೇ ಈ ರಾಜ್ಯದ ಮುಂದಿನ ರಾಣಿ, ಮುಖ ಕಾಣದಿರುವುದು ಇನ್ನೂ ತಿಳಿಯದ ನಾಳೆಯ ಸಂಕೇತ ಎಂದು ನಾನು ಬರೆದೆ. ಬರೆದದ್ದನ್ನು ಹೆಂಡತಿಗೆ ಓದಿ ಹೇಳಿದೆ. ಅವಳು ಬ್ರಷ್ ತೊಳೆಯುತ್ತಾ, "ಆಯ್ತು, ಹಾಗೇ ಇರ್ಲಿ" ಎಂದಳು.

ಮೊದಲನೆಯ ಮತ್ತು ಎರಡನೆಯ ಪುಸ್ತಕದ ನಡುವೆ ನಮಗೊಂದು ಹೆಣ್ಣುಮಗು ಹುಟ್ಟಿತ್ತು. ಏಳು ತಿಂಗಳು ತುಂಬಿದ ಮೇಲೆ, ಜೀವವಿಲ್ಲದೆ. ಮಗುವನ್ನು ತಾಯಿಗೆ ತೋರಿಸಬಾರದು, ನೋಡಿದರೆ ಮರೆಯಲಾರಳು ಎಂದು ಹಿರಿಯರು ಹೇಳಿದರು. ನಮ್ಮಲ್ಲಿ ಅದೇ ರೂಢಿ. ಬಿಳಿ ಬಟ್ಟೆಯಲ್ಲಿ ಸುತ್ತಿಕೊಟ್ಟದ್ದನ್ನು ನಾನು ಎತ್ತಿಕೊಂಡೆ, ದೊಡ್ಡಪ್ಪ ಕಾರು ಬಿಟ್ಟರು. ನಮ್ಮ ಜಾಗದ ತುದಿಯಲ್ಲಿ, ಹೊಳೆಯ ಬದಿಗೆ, ಮಣ್ಣು ಮಾಡಿ ಬಂದೆವು. ಹೆಂಡತಿ ಇನ್ನೂ ಕಾಸರಗೋಡಿನ ಆಸ್ಪತ್ರೆಯಲ್ಲೇ ಇದ್ದಳು. ಆಮೇಲೆ ಮನೆಯಲ್ಲಿ ಯಾರೂ ಆ ಮಾತು ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಆ ಹುಡುಗಿ ಯಾರೆಂದು ನನಗೆ ಗೊತ್ತೇ ಇರಲಿಲ್ಲ ಎಂದರೆ ಅದು ಸುಳ್ಳು. ಗೊತ್ತಾಗಬಾರದು ಎಂದೇ ನಾನು ಅಷ್ಟೊಂದು ಅರ್ಥಗಳನ್ನು ಕಟ್ಟುತ್ತಿದ್ದೆ. ಇಡ್ಲಿಯ ಮುಚ್ಚಳವನ್ನು ದೂರದಿಂದಲೇ ಗುರುತಿಸಿದವನಿಗೆ ತನ್ನ ಮಗಳು ಕಾಣಲಿಲ್ಲ ಎಂದರೆ ಯಾರು ನಂಬುತ್ತಾರೆ?

ಆರನೆಯದು ಕೊನೆಯ ಪುಸ್ತಕ. ಈ ಸಲವಾದರೂ ಹುಡುಗಿ ತಿರುಗಲಿ ಎಂದು ಮಕ್ಕಳು ಪಟ್ಟು ಹಿಡಿದರು, ಪ್ರಕಾಶಕರೂ ಅದನ್ನೇ ಹೇಳಿದರು. ಒಂದು ಭಾನುವಾರ, ಊಟವಾದ ಮೇಲೆ, ಹೆಂಡತಿ ಹೊಳೆಗೆ ಮುಖ ಮಾಡಿದ ತನ್ನ ಕೋಣೆಗೆ ನನ್ನನ್ನು ಕರೆದಳು. ನಮ್ಮ ಮನೆಮಾತು ತುಳು. ಪುಸ್ತಕದ ಮಾತು ಬಂದಾಗ ಮಾತ್ರ ನಾವಿಬ್ಬರೂ ಕನ್ನಡಕ್ಕೆ ಹೊರಳುತ್ತಿದ್ದೆವು. ಅವಳು ಕನ್ನಡದಲ್ಲೇ ಕೇಳಿದಳು:

"ಅವಳ ಮುಖ ಹೇಗಿತ್ತು?"

"ಯಾರದ್ದು?" ಎಂದೆ. ಕೇಳಬಾರದಿತ್ತು.

"ನೀವೇ ಅಲ್ವಾ ತೆಕ್ಕೊಂಡು ಹೋದದ್ದು. ನೋಡಿದವರು ಅಂತ ಇರುವುದು ನೀವೊಬ್ಬರೇ. ನಾನು ಅವಳನ್ನು ತಿರುಗಿಸದೆ ಇದ್ದದ್ದು ಗುಟ್ಟು ಮಾಡ್ಲಿಕ್ಕಲ್ಲ. ಎಂತ ಬಿಡಿಸ್ಬೇಕು ಅಂತ ನನಗೆ ಗೊತ್ತಿಲ್ಲ. ನೀವಾಗಿ ಹೇಳ್ತೀರಿ ಅಂತ ಕಾದೆ."

ಪೆನ್ಸಿಲ್ ಚೂಪು ಮಾಡಿ ಇಟ್ಟಿದ್ದಳು. ಅವಳು ಕೇಳಿದ್ದನ್ನು ಕೊಡದಿರಲು ನನ್ನಿಂದಾಗಲಿಲ್ಲ. ಹೇಳತೊಡಗಿದೆ. ಹಣೆ ಅಗಲ ಇತ್ತು ಎಂದೆ. ಕೆಳತುಟಿ ಸ್ವಲ್ಪ ಒಳಗೆ. ಎಡಕಿವಿಯ ಮೇಲೆ ಒಂದು ಸುರುಳಿ ಕೂದಲು. ಅವಳು ಬಿಡಿಸುತ್ತಾ ಹೋದಳು. ಒಮ್ಮೆ ನಾನು ಬಗ್ಗಿ ನೋಡಿ, ಮೂಗು ಇನ್ನೂ ಸ್ವಲ್ಪ ಚಪ್ಪಟೆ ಎಂದು ತಿದ್ದಿದೆ ಕೂಡ. ಎಷ್ಟೋ ವರ್ಷಗಳ ಮೇಲೆ ನಾವಿಬ್ಬರೂ ಹಾಗೆ ಪಕ್ಕಪಕ್ಕ ಕೂತದ್ದು. ಹೇಳಲು ನಾಚಿಕೆಯಾಗುತ್ತದೆ, ಆ ಹೊತ್ತು ನನಗೆ ಸುಖವಾಗಿತ್ತು.

ಅವಳು ಸಟ್ಟನೆ ಕೈ ನಿಲ್ಲಿಸಿದಳು. ಕಾಗದವನ್ನು ಸ್ವಲ್ಪ ದೂರ ಹಿಡಿದು ನೋಡಿದಳು. ಎದ್ದು ಚಾವಡಿಗೆ ಹೋಗಿ ಗೋಡೆಯಿಂದ ಒಂದು ಫೋಟೋ ಇಳಿಸಿಕೊಂಡು ಬಂದಳು. ಆರು ತಿಂಗಳ ಕೂಸಾಗಿದ್ದಾಗ ಸ್ಟುಡಿಯೋದಲ್ಲಿ ತೆಗೆಸಿದ ನನ್ನದೇ ಫೋಟೋ ಅದು. ಎರಡನ್ನೂ ಮೇಜಿನ ಮೇಲೆ ಜೊತೆಗಿಟ್ಟಳು.

"ಈ ಸುರುಳಿ ಇಲ್ಲಿಂದ ಬಂದದ್ದು" ಎಂದು ಬೆರಳಿಟ್ಟಳು. "ಈ ತುಟಿ ಇಲ್ಲಿಂದ. ಮೂಗು ಇಲ್ಲಿಂದ. ನನ್ನ ಚಿತ್ರದಲ್ಲಿ ಯಾವುದು ಎಲ್ಲಿಂದ ಬಂತು ಅಂತ ಐದು ಪುಸ್ತಕ ನೀವು ಬರೆದ್ರಿ. ನನಗೂ ಅಷ್ಟು ಗೊತ್ತಾಗ್ತದೆ."

ನಾನು ಫೋಟೋವನ್ನೇ ನೋಡುತ್ತಿದ್ದೆ.

"ನೀವು ನೋಡ್ಲೇ ಇಲ್ಲ ಅಲ್ವಾ?"

"ಇಲ್ಲ."

"ಮುಖ ಮುಚ್ಚಿ ಕಟ್ಟಿದ್ರಾ?"

"ಬಟ್ಟೆಯ ತುದಿ ಸಡಿಲ ಇತ್ತು. ಸರಿಸ್ಬಹುದಿತ್ತು."

ನಿಜ ಅಷ್ಟೇ. ಆಸ್ಪತ್ರೆಯಿಂದ ಮನೆಗೆ ಬರುವ ದಾರಿಯಲ್ಲಿ, ಮೊಗ್ರಾಲ್ ಸೇತುವೆ ದಾಟುವಾಗ ಗಾಳಿಗೆ ಆ ತುದಿ ಅಲುಗಿತು. ನಾನು ಕಿಟಕಿಯಿಂದ ಹೊಳೆಯನ್ನು ನೋಡಿದೆ. ದೋಣಿಗಳಿದ್ದವು, ಎಷ್ಟಿದ್ದವೆಂದು ಈಗಲೂ ಹೇಳಬಲ್ಲೆ. ನನಗೆ ಹೆದರಿಕೆಯಾಗಿತ್ತು.

ಅವಳು ಇನ್ನೂ ಒಂದು ಕೇಳಿದಳು. "ಆ ದಿನ ನನಗೆ ತೋರಿಸ್ಬೇಕಾ ಅಂತ ಆಸ್ಪತ್ರೆಯಲ್ಲಿ ಯಾರಾದ್ರೂ ಕೇಳಿದ್ರಾ?"

ಆಗ ಇನ್ನೊಂದು ಸುಳ್ಳು ಹೇಳಬಹುದಿತ್ತು. ಒಂದು ಸುಳ್ಳು ಮೇಜಿನ ಮೇಲೆ ಬಿದ್ದಿತ್ತು, ಮತ್ತೊಂದಕ್ಕೆ ಬಾಯಿ ಬರಲಿಲ್ಲ. ಕೇಳಿದ್ದರು. ನರ್ಸ್ ಬಂದು, ತಾಯಿಗೆ ತೋರಿಸಬೇಕೋ ಎಂದು ಮಲಯಾಳದಲ್ಲಿ ಕೇಳಿದ್ದಳು. ನಾನು "ವೇಂಡ" ಎಂದಿದ್ದೆ. ಬೇಡ ಎಂದು. ಹಿಂದೆ ನಿಂತಿದ್ದ ದೊಡ್ಡಪ್ಪನ ಮುಖ ನೋಡಿ ಹೇಳಿದ ಮಾತು. ಹೆಂಡತಿ ಗೋಡೆಯ ಆಚೆ, ಎಚ್ಚರವಾಗಿಯೇ ಇದ್ದಳು.

ಇದನ್ನು ಕೇಳಿ ಅವಳು ಅಳಲಿಲ್ಲ. ಬಿಡಿಸಿದ್ದ ಮುಖವನ್ನು ರಬ್ಬರಿನಿಂದ ಉಜ್ಜಿದಳು. ಕಣ್ಣು, ತುಟಿ, ಕೊನೆಗೆ ಸುರುಳಿ. ಕಾಗದದ ಮೇಲಿನ ಪುಡಿಯನ್ನು ಕೈಯಿಂದ ಒರಸಿ, ನನ್ನ ಕಡೆ ನೋಡದೆ ತುಳುವಿನಲ್ಲಿ ಕೇಳಿದಳು:

"ಏತ್ ಭಾರ ಇತ್ತ್‌ಂಡ್?"

ಎಷ್ಟು ಭಾರ ಇತ್ತು. ಅದು ನನಗೆ ಗೊತ್ತಿತ್ತು. ಅದೊಂದೇ ನನಗೆ ಗೊತ್ತಿದ್ದದ್ದು. ಶಾಲೆಯ ಎರಡು ಹಾಜರಿ ಪುಸ್ತಕ ಒಟ್ಟಿಗೆ ಹಿಡಿದಷ್ಟು ಎಂದೆ. ಎಡಗೈಗೆ ಭಾರ ಸ್ವಲ್ಪ ಹೆಚ್ಚು ಬೀಳುತ್ತಿತ್ತು, ತಲೆ ಆ ಕಡೆಗಿತ್ತು ಎಂದೆ. ಕೈ ಹೇಗಿತ್ತು, ಹಿಡಿದು ತೋರಿಸಿ ಎಂದಳು. ಖಾಲಿ ಕೈಗಳನ್ನು ಹಾಗೆ ಹಿಡಿದುಕೊಂಡು ನಾನು ನಿಂತೆ. ಅವಳು ನೋಡಿ ನೋಡಿ ಬಿಡಿಸಿದಳು. ಬಹಳ ಹೊತ್ತು ಹಿಡಿಯಿತು. ತೋಳು ನೋಯುತ್ತಿತ್ತು, ಇಳಿಸಲು ಮನಸ್ಸಾಗಲಿಲ್ಲ, ಇಳಿಸಿ ಎಂದು ಅವಳೂ ಹೇಳಲಿಲ್ಲ.

ಕೊನೆಯ ಪುಸ್ತಕ ಬಂದಿದೆ. ಅದರ ಕೊನೆಯ ಚಿತ್ರದಲ್ಲಿ ಹುಡುಗಿ ಇಲ್ಲ. ಎರಡು ಕೈಗಳು ಮಾತ್ರ ಇವೆ, ಬಲ ಹೆಬ್ಬೆರಳಲ್ಲಿ ಎಳನೀರು ಕೆತ್ತುವಾಗ ಆದ ನನ್ನ ಗಾಯದ ಗುರುತಿನ ಸಮೇತ. ಕೊನೆಯ ಎರಡು ಪುಟ ನಾನು ಬರೆಯುವುದಿಲ್ಲ ಎಂದು ಪ್ರಕಾಶಕರಿಗೆ ಮೊದಲೇ ತಿಳಿಸಿದ್ದೆ. ಮನೆಯಲ್ಲಿ ಈಗ ತುಳುವೇ ನಡೆಯುತ್ತದೆ: ಉಪ್ಪು, ಗ್ಯಾಸು, ಬಸ್ಸಿನ ಹೊತ್ತು. ಆ ಭಾನುವಾರದ ಮೇಲೆ ಅವಳು ನನ್ನನ್ನು ಆ ಕೋಣೆಗೆ ಕರೆದಿಲ್ಲ. ಅವಳು ಕೆಲವು ಸಂಜೆ ಒಬ್ಬಳೇ ಹೊಳೆಯ ಬದಿಗೆ ಹೋಗುತ್ತಾಳೆ. ನಾನೂ ಬರಲೇ ಎಂದು ಕೇಳುವ ಧೈರ್ಯ ನನಗಿಲ್ಲ.

ಗುಂಪಿನಲ್ಲಿ ಮಕ್ಕಳು ತಮಗೆ ತೋಚಿದ ಅರ್ಥ ಹಚ್ಚುತ್ತಿದ್ದಾರೆ. ಅದು ಸಿಂಹಾಸನ ಬಿಟ್ಟುಕೊಟ್ಟ ಕೈ, ಅದು ದೀಪ ಇಟ್ಟುಕೊಳ್ಳುವ ಕೈ. ನಿನ್ನೆ ಮೊಗ್ರಾಲಿನ ಒಬ್ಬಳು ಹುಡುಗಿ ಕೇಳಿದಳು: "ಸರ್, ಎಡಗೈ ಸ್ವಲ್ಪ ಕೆಳಗೆ ಉಂಟಲ್ಲ, ಡ್ರಾಯಿಂಗ್ ತಪ್ಪಿದ್ದಾ?"

ಆ ಕಡೆ ತಲೆ ಇತ್ತು ಎಂದು ಬರೆದೆ. ಅಳಿಸಿದೆ. ಚಿತ್ರ ಸರಿ ಉಂಟು ಎಂದಷ್ಟೇ ಬರೆದು ಕಳಿಸಿದೆ.