ರೆಕ್ಕೆ ಸಿಕ್ಕಿಸಿಕೊಂಡವಳು

ಮೋಹಿನಿ ಆರು ವರ್ಷಗಳಿಂದ ಬರೆಯುತ್ತಿದ್ದದ್ದು ನಡುವಿನ ಚಿತ್ರಗಳನ್ನು. ದೇವದೂತೆ ಕೈ ಎತ್ತಲು ಶುರುಮಾಡುವ ಚಿತ್ರ, ಎತ್ತಿ ಮುಗಿಸಿದ ಚಿತ್ರ ಎರಡೂ ಜಪಾನಿನಿಂದ ಬರುತ್ತಿದ್ದವು. ಮಧ್ಯದ ಹನ್ನೊಂದು ಇವಳ ಪಾಲು. ತಿರುವನಂತಪುರದ ಆ ಅನಿಮೇಶನ್ ಕಂಪನಿಯಲ್ಲಿ ಶುರುವಿನ, ಕೊನೆಯ ಆ ಮುಖ್ಯ ಚಿತ್ರ ಬರೆದವರ ಹೆಸರು ಮಾತ್ರ ಕೊನೆಗೆ ತೆರೆಯ ಮೇಲೆ ಬರುತ್ತಿತ್ತು.

೨೦೦೬ರ ಜುಲೈಯಲ್ಲಿ ಒಂದು ಅವಕಾಶ ಬಂತು. ಜಪಾನಿನ ಮೇಲ್ವಿಚಾರಕಿ ಕುವಾಬಾರ, ರೈಲಿನಲ್ಲಿ ನಾಲ್ಕು ಗಂಟೆ ದೂರದ ಎಡಪ್ಪಳ್ಳಿಯ ಕಚೇರಿಗೆ ಬರುತ್ತಾರೆ, ಇಲ್ಲಿಯವರು ಬರೆದದ್ದನ್ನು ನೋಡಿ ಒಬ್ಬರನ್ನು ಮುಖ್ಯ ಚಿತ್ರಕ್ಕೆ ಆರಿಸುತ್ತಾರೆ. ದೃಶ್ಯ ಇಷ್ಟೇ: ದೇವದೂತೆ ಇಕ್ಕಟ್ಟಾದ ಫ್ಲ್ಯಾಟಿನ ಬಾಲ್ಕನಿಗೆ ಇಳಿದು, ಜ್ವರದಲ್ಲಿ ಮಲಗಿದ ಒಂಟಿ ಮುದುಕಿಯ ಬಳಿ ಹೋಗಬೇಕು.

ಪಕ್ಕದ ಮೇಜಿನ ಗ್ರೇಸಿ ಒಂದೇ ದಿನದಲ್ಲಿ ಮುಗಿಸಿದಳು. ಅವಳಿಗೆ ಮಾಲಾಖ, ಅಂದರೆ ಚರ್ಚಿನ ದೇವದೂತೆ, ಚಿಕ್ಕಂದಿನಿಂದ ಗೊತ್ತು: ಜೋಡಿಸಿದ ಕೈ, ಅಗಲಿಸಿದ ಬಿಳಿ ರೆಕ್ಕೆ. ಕುಂಬಳೆಯ ಮೋಹಿನಿಗೆ ಗೊತ್ತಿದ್ದ ದೂತರು ಯಮನವರು ಮಾತ್ರ. ಅವಳು ಜಪಾನಿನ ಮಾದರಿ ಹಾಳೆಗಳನ್ನೇ ಮಗುಚಿ ಮಗುಚಿ ನೋಡಿದಳು. ಅಲ್ಲಿ ಯಾರೂ ಪ್ರಾರ್ಥಿಸುತ್ತಿರಲಿಲ್ಲ. ಒಬ್ಬಳು ರೈಲು ನಿಲ್ದಾಣದ ಬೆಂಚಿನಲ್ಲಿ ರೆಕ್ಕೆ ಮುದುಡಿ ಕೂತಿದ್ದಳು. ಇನ್ನೊಬ್ಬಳಿಗೆ ಇದ್ದದ್ದೇ ಒಂದು ರೆಕ್ಕೆ. ಆ ಕಥೆಗಳಲ್ಲಿ ರೆಕ್ಕೆ ಪುಣ್ಯದ ಗುರುತಾಗಿರಲಿಲ್ಲ. ನೀನು ಈ ಊರಿನವಳಲ್ಲ ಎಂದು ಬೆನ್ನ ಮೇಲೆ ಬರೆದಂತೆ, ಹೋದಲ್ಲೆಲ್ಲ ಹೊರಬೇಕಾದ ಭಾರವಾಗಿತ್ತು.

ದೇವದೂತೆಗೆ ಜಪಾನಿಯಲ್ಲಿ ‘ತೆನ್ಶಿ’. ಎರಡು ಅಕ್ಷರ. ನಿಘಂಟಿನಲ್ಲಿ ಮೊದಲನೆಯದಕ್ಕೆ ಆಕಾಶ, ಎರಡನೆಯದಕ್ಕೆ ಬಳಸು, ಕೆಲಸಕ್ಕೆ ಕಳಿಸು ಎಂದಿತ್ತು. ಮೋಹಿನಿ ಎರಡನ್ನೂ ಕೂಡಿಸಿ ಹಾಳೆಯ ಅಂಚಿನಲ್ಲಿ ಕನ್ನಡದಲ್ಲಿ ಬರೆದುಕೊಂಡಳು: ಮೇಲಿನ ಮನೆಯ ಕೆಲಸದವಳು.

ಆಮೇಲೆ ಅವಳಿಗೆ ಕೂತಲ್ಲಿ ನಿಂತಲ್ಲಿ ನೆಮ್ಮದಿ ಇಲ್ಲ. ಬೆಳಿಗ್ಗೆ ತೆಂಗಿನಕಾಯಿ ತುರಿಯುವಾಗ, ಮಗಳು ಸಮೀಕ್ಷಾಳ ಜಡೆ ಹೆಣೆಯುವಾಗ, ಗಂಡ ದಾಮೋದರನ ಅಂಗಿಗೆ ಇಸ್ತ್ರಿ ಹಾಕುವಾಗ ಒಂದೇ ಯೋಚನೆ: ಅಷ್ಟಗಲದ ರೆಕ್ಕೆಯವಳು ಬಾಗಿಲಲ್ಲಿ ಹೇಗೆ ತೂರುತ್ತಾಳೆ? ಹಾಲು ಎರಡು ಸಲ ಉಕ್ಕಿತು. ಅತ್ತೆ ವಿಜಯಾ, ಈ ವಾರವೆಲ್ಲ ಆಕಾಶದಲ್ಲೇ ಬಿಡಾರವೋ ಎಂದು ಕೇಳಿದರು. ಒಲೆ ಒರೆಸಲು ಬಗ್ಗಿದಾಗ ಕೈ ತಾನಾಗಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿತು. ಮೋಹಿನಿ ಅದನ್ನು ನೋಡಿಕೊಂಡಳು. ಒರೆಸುವುದನ್ನು ಅರ್ಧಕ್ಕೇ ಬಿಟ್ಟು, ಶಾಲೆಯ ನೋಟೀಸಿನ ಹಿಂಬದಿಯಲ್ಲಿ ಬರೆಯತೊಡಗಿದಳು.

ಎಡಪ್ಪಳ್ಳಿಯಲ್ಲಿ ಕುವಾಬಾರ ಗ್ರೇಸಿಯ ಹಾಳೆಗಳನ್ನು ಹೊಗಳಿ ಪಕ್ಕಕ್ಕಿಟ್ಟರು. ಮೋಹಿನಿಯ ಹಾಳೆ ತೆಗೆದಾಗ ದುಭಾಷಿ ಕಿಶೋರ್ ನಕ್ಕುಬಿಟ್ಟ. ಮೈಸೂರಿನವನು, ಅಂಚಿನ ಕನ್ನಡ ಓದಿದ್ದ.

“ಏನಕ್ಕಾ ಇದು, ದೇವರ ದೂತೆಯನ್ನ ಮುಸುರೆ ತಿಕ್ಕೋಕೆ ಕಳಿಸಿದ್ದೀರಿ?”

ಯಾಕೆ ನಗು ಎಂದು ಕುವಾಬಾರ ಕೇಳಿದರು. ಅವನು ವಿವರಿಸಿದ. ಅವರು ನಗಲಿಲ್ಲ. ಜಪಾನಿಯಲ್ಲಿ ಮನೆಯ ಆಳಿಗೆ ಹೇಳುವ ಪದದಲ್ಲೂ ಅದೇ ಅಕ್ಷರ ಉಂಟು ಎಂದು ಬರೆದೇ ತೋರಿಸಿದರು. ಆಮೇಲೆ, ಇವಳು ರೆಕ್ಕೆಯನ್ನು ಸೊಂಟಕ್ಕೆ ಯಾಕೆ ಸಿಕ್ಕಿಸಿಕೊಂಡಿದ್ದಾಳೆ ಎಂದರು.

“ಜ್ವರದವರಿಗೆ ಗಂಜಿ ಬೇಯಿಸಬೇಕಲ್ಲ,” ಎಂದಳು ಮೋಹಿನಿ. “ಬಿಟ್ಟರೆ ಬೆಂಕಿಗೆ ತಾಗ್ತದೆ.”

ಕುವಾಬಾರ ತಿದ್ದುವ ತೆಳು ಹಳದಿ ಹಾಳೆಯೊಂದನ್ನು ಮೇಲಿಟ್ಟು ಭುಜದ ಗೆರೆಯನ್ನಷ್ಟೇ ತಿದ್ದಿದರು. ರೆಕ್ಕೆಯ ಭಾರ ಇಲ್ಲೂ ಕಾಣಬೇಕು ಎಂದರು. ಇನ್ನೂ ಎಂಟು ಚಿತ್ರ, ನಾಳೆ ಮಧ್ಯಾಹ್ನದೊಳಗೆ, ಇಲ್ಲೇ ಕೂತು. ಭುಜ ಸರಿಬಂದರೆ ದೃಶ್ಯ ಅವಳದು.

ಸಂಜೆಯ ರೈಲಿಗೆ ಬರುತ್ತೇನೆಂದು ಮನೆಯಲ್ಲಿ ಹೇಳಿ ಬಂದಿದ್ದಳು. ವರಾಂಡಕ್ಕೆ ಹೋಗಿ ಫೋನ್ ಮಾಡಿ, ರಾತ್ರಿ ಗ್ರೇಸಿಯ ಚಿಕ್ಕಮ್ಮನ ಮನೆಯಲ್ಲಿರುತ್ತೇನೆ ಎಂದಳು.

“ನಾಳೆ ಮಗುವಿಗೆ ಶಾಲೆ ಉಂಟಲ್ಲ?” ಎಂದ ದಾಮೋದರ.

“ಉಂಟು. ಬಸ್ಸು ಎಂಟೂಕಾಲಿಗೆ.”

ಅವನು ಇನ್ನೇನೋ ಬರುತ್ತದೆಂದು ಕಾದ. ಇವಳು ಅಷ್ಟಕ್ಕೇ ಫೋನಿಟ್ಟಳು.

ಒಳಗೆ ಬಂದು ಹಾಳೆ ಎಳೆದುಕೊಂಡಳು. ನಾಲ್ಕು ಭುಜ ಬರೆದಳು, ನಾಲ್ಕನ್ನೂ ಅಳಿಸಿದಳು. ಐದನೆಯದನ್ನು ಅಳಿಸಲಿಲ್ಲ.